ಬೋರ್ಡು ಪರೀಕ್ಷೆಯ ಮುನ್ಸೂಚನೆ

ಅಮೇರಿಕೆಯ ಆಸ್ಪತ್ರೆಗಳಲ್ಲಿ ಉನ್ನತ ಶಿಕ್ಷಣ ಪಡೆಯುತ್ತಿರುವ ರೆಸಿಡೆಂಟ್ ವೈದ್ಯರು ಮುಂದೆ ಬೋರ್ಡು ಪರೀಕ್ಷೆಯಲ್ಲಿ ತೇರ್ಗಡೆಯಾಗುವರೋ ಇಲ್ಲವೋ ಎಂಬುದನ್ನು ಶಿಕ್ಷಣಕಾಲದ ಅಂಕಗಳಿಂದಲೇ ಗಣಿಸುವ ಪ್ರಯತ್ನವು ಬಲವಾಗಿ ನಡೆದಿದೆ. ಇದಕ್ಕೆ ಸಾಧನಗಳೆರಡು: ವರ್ಷಕ್ಕೊಮ್ಮೆ ನಡೆಯುವ ಲಿಖಿತ ಪರೀಕ್ಷೆ, 2013ರಿಂದ ಹಂತಹಂತವಾಗಿ ಜಾರಿಗೆ ಬಂದ ‘ಮೈಲಿಗಲ್ಲು’ಗಳು, ಎಂದರೆ ಆರು ಸಾಮರ್ಥ್ಯಗಳನ್ನು ಕುರಿತು ಅಧ್ಯಾಪಕರ ಸಮಿತಿಯು ಆರು ತಿಂಗಳಿಗೊಮ್ಮೆ ಕೊಡುವ ಶ್ರೇಣಿಗಳು. ಕುಟುಂಬವೈದ್ಯರ ಬೋರ್ಡಂತೂ ಈ ಗಣನೆಗಾಗಿಯೇ ಒಂದು ಗಣಿತಸಾಧನವನ್ನು ಒದಗಿಸಿದೆ.

ಲಿಖಿತ ಪರೀಕ್ಷೆಯು ಲಿಖಿತ ಪರೀಕ್ಷೆಯ ಫಲವನ್ನು ಸೂಚಿಸುವುದು ಸಹಜವೇ. ಮೈಲಿಗಲ್ಲುಗಳಲ್ಲಿಯೂ ವೈದ್ಯಜ್ಞಾನದ ಶ್ರೇಣಿಗೂ ಬೋರ್ಡಿನ ಅಂಕಗಳಿಗೂ ಸಂಬಂಧವು ಕಂಡುಬಂದಿದೆ. ಆದರೆ ರೋಗಿಯೊಡನೆ ಮಾತಾಡುವ ರೀತಿಯು ಪ್ರಶ್ನಪತ್ರಿಕೆಗೆ ಸಿಕ್ಕುವಂಥದಲ್ಲ.

ನಮ್ಮ ಆಕ್ಷೇಪವು ಗಣನೆಗಲ್ಲ, ಅದರ ದುರುಪಯೋಗಕ್ಕೆ. ಹಿಂದುಳಿದವರನ್ನು ಮೊದಲ ವರ್ಷದಲ್ಲಿಯೇ ಗುರುತಿಸಿ ಕೈಹಿಡಿದು ನಡೆಯಿಸುವುದಾದರೆ ಅದು ಸಾರ್ಥಕ. ಅದನ್ನೇ ಬಡತಿಗೂ ಮುಂದಿನ ಆಯ್ಕೆಗೂ ಆಧಾರವಾಗಿ ಮಾಡಿದರೆ ಶಿಷ್ಯರು ತಮ್ಮ ಅಜ್ಞಾನವನ್ನು ಮರೆಮಾಚುವರು. ಅಧ್ಯಾಪಕರು ದಾಕ್ಷಿಣ್ಯಕ್ಕೆ ಬಿದ್ದು ಶ್ರೇಣಿಯನ್ನು ಏರಿಸುವರು. ಇಂಥ ದಾಕ್ಷಿಣ್ಯವು ನಮ್ಮ ಕಚೇರಿಗಳಿಗೂ ಅಪರಿಚಿತವಲ್ಲ! ಆ ಬಳಿಕ ಗಣಿಸಲು ಉಳಿಯುವುದೇನು? ಆಂತರಿಕ ವೈದ್ಯಶಾಖೆಯಲ್ಲಿ 1988ರಿಂದ ನಡೆಯುತ್ತಿರುವ ವಾರ್ಷಿಕ ಪರೀಕ್ಷೆಯು ಆತ್ಮಪರಿಶೀಲನೆಗಾಗಿ ಏರ್ಪಟ್ಟುದೆಂದು ಅದರ ಸ್ಥಾಪಕರೇ ಹೇಳಿರುವರು. ಗಣನೆಯಲ್ಲಿ ಕೆಳಗಿಳಿದವರಿಗೆ ಆ ಅಂಕೆಯನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ರಾತ್ರಿಪಾಳಿಯ ಹೊರೆಯಿಂದ ಓದಿಗೆಂದು ಕೆಲವು ಗಂಟೆಗಳನ್ನಾದರೂ ಬಿಡಿಸಿಕೊಡುವರೇ ಎಂಬುದನ್ನು ನಾವು ಆ ಶಿಕ್ಷಣಾಧಿಕಾರಿಗಳಿಂದ ಮೊದಲು ತಿಳಿಯಬಯಸುತ್ತೇವೆ.