ಸರ ಇನ್ನೂ ಮನೆಗೆ ಬಂದಿಲ್ಲ

ಮದುವೆ ಕಾಲ ಬಂತೆಂದರೆ ದಾವಣಗೆರೆಯ ಎಷ್ಟೋ ಮನೆಗಳಲ್ಲಿ ಒಂದು ಸುಳ್ಳು ತಪ್ಪದೆ ಹುಟ್ಟುತ್ತದೆ. ನೆಂಟರ ಹೆಂಗಸೊಬ್ಬಳು, "ಯಾಕಕ್ಕಾ, ಸರ ಹಾಕ್ಕೊಂಡಿಲ್ಲ?" ಎಂದು ಕೇಳುತ್ತಾಳೆ. "ಲಾಕರ್‌ನಾಗೈತೆ ಕಣೇ, ಕಳ್ಳರ ಕಾಟ" ಎಂದು ಉತ್ತರ ಬರುತ್ತದೆ. ಸುಳ್ಳೆಂದು ಇಬ್ಬರಿಗೂ ಗೊತ್ತು. ಕೇಳಿದವಳ ಬಳೆಯೂ ಅಂಥದೇ ಲಾಕರಿನಲ್ಲಿದೆ. ಆ ಲಾಕರಿನ ನಿಜವಾದ ಹೆಸರು ಗಿರವಿ.

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಒಟ್ಟು ಉತ್ಪನ್ನ ಹಿಂದಿನ ವರ್ಷಕ್ಕಿಂತ ಸುಮಾರು ಶೇಕಡಾ 24ರಷ್ಟು ಕುಸಿಯಿತು. ಮುಂದಿನ ಮೂರು ತಿಂಗಳೂ ಇಳಿಮುಖವೇ. ಹೀಗೆ ಎರಡು ತ್ರೈಮಾಸಿಕ ಒಂದೇ ಸಮನೆ ಇಳಿದರೆ ಪಂಡಿತರು ಅದನ್ನು ಆರ್ಥಿಕ ಹಿಂಜರಿತ ಎನ್ನುತ್ತಾರೆ. ವರ್ಷದ ಕೊನೆಯ ಮೂರು ತಿಂಗಳಲ್ಲಿ ಅಂಕಿ ತುಸು ತಲೆ ಎತ್ತಿತು. ಹಿಂಜರಿತ ಮುಗಿಯಿತೆಂದು ದೆಹಲಿಯಲ್ಲಿ ಬರೆದುಕೊಂಡರು. ಬರೆದುಕೊಳ್ಳಲಿ, ಬೇಡವೆಂದವರು ಯಾರು? ಸಂಸಾರಸ್ಥರ ಲೆಕ್ಕ ಬೇರೆ. ಅಡವಿಟ್ಟ ಒಡವೆ ಬಿಡಿಸಿಕೊಂಡು ಬಂದ ದಿನವೇ ಅವರ ಮನೆಯಿಂದ ಹಿಂಜರಿತ ಹೊರಗೆ ಹೋಗುವುದು. ಎಷ್ಟೋ ಮನೆಗಳಿಗೆ ಆ ದಿನ ಇನ್ನೂ ಬಂದಿಲ್ಲ. ಕೆಲವು ಮನೆಗಳಿಗೆ ಬರುವುದೂ ಇಲ್ಲ, ಒಡವೆ ಹರಾಜಾಗಿ ಹೋಗಿದೆ.

ಈ ಊರಿಗೆ ಕಷ್ಟಕಾಲ ಹೊಸದಲ್ಲ. ಹತ್ತಿ ಗಿರಣಿಗಳ ಸೈರನ್ನು ಕೇಳಿ ಏಳುತ್ತಿದ್ದ ಊರು ಇದು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡಿತ್ತು. ಗಿರಣಿಗಳು ಒಂದರ ಹಿಂದೊಂದು ಬಾಗಿಲು ಹಾಕಿದಾಗ ಕಾರ್ಮಿಕರು ತಳ್ಳುಗಾಡಿ ಹಿಡಿದರು, ಆಟೋ ಹಿಡಿದರು, ಹೋಟೆಲಿನಲ್ಲಿ ಲೋಟ ತೊಳೆದರು. ಆಗ ಒಂದು ಆಸರೆ ಇತ್ತು. ಗಿರಣಿ ಮುಚ್ಚಿದರೂ ಮಾರುಕಟ್ಟೆ ತೆರೆದಿತ್ತು. ಒಬ್ಬನ ಕೆಲಸ ಹೋದರೆ ಷಡ್ಡಕನ ಕೆಲಸ ಉಳಿದಿತ್ತು. ಭದ್ರಾ ಕಾಲುವೆ ಕೆಳಗಿನ ಹಳ್ಳಿಯ ಅಣ್ಣ ಒಂದು ಚೀಲ ಅಕ್ಕಿ ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದ. 2020ರಲ್ಲಿ ಬಸ್ಸೇ ಇರಲಿಲ್ಲ. ಅಣ್ಣನ ಮೆಕ್ಕೆಜೋಳಕ್ಕೆ ರೇಟೂ ಇರಲಿಲ್ಲ. ಎಲ್ಲರೂ ಒಂದೇ ಸಲ ಮುಳುಗಿದಾಗ ಯಾರು ಯಾರ ಕೈ ಹಿಡಿಯಬೇಕು?

ಮನೆಯೊಳಗೆ ಖರ್ಚು ಕಡಿಯುವುದಕ್ಕೂ ಒಂದು ಸರದಿ ಇದೆ. ಮೊದಲು ಪತ್ರಿಕೆ ನಿಲ್ಲುತ್ತದೆ (ಪತ್ರಿಕೆಯವರಿಗೆ ಇದು ಬೇಗ ತಿಳಿಯುತ್ತದೆ). ಆಮೇಲೆ ಒಂದು ಲೀಟರ್ ಹಾಲು ಅರ್ಧ ಲೀಟರ್ ಆಗುತ್ತದೆ. ಬೇಳೆ ಕಡಿಮೆಯಾಗಿ ಸಾರು ತಿಳಿಯಾಗುತ್ತದೆ, ತರಕಾರಿ ಸಂತೆಯ ಕೊನೆ ಹೊತ್ತಿನದಾಗುತ್ತದೆ. ಸಂಜೆ ಮಕ್ಕಳ ಕೈಗೆ ಬಿಸ್ಕತ್ತಿನ ಬದಲು ಮಂಡಕ್ಕಿ. ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಅದಕ್ಕೇನು ಅವಮಾನವಿಲ್ಲ ಬಿಡಿ. ಕೊನೆಗೆ ಕಡಿಮೆಯಾಗುವುದು ಮನೆಯೊಡತಿಯ ತಟ್ಟೆ. ಎಲ್ಲರಿಗೂ ಬಡಿಸಿ ಆದ ಮೇಲೆ ಉಂಡಳೋ ಇಲ್ಲವೋ ನೋಡುವವರು ಯಾರೂ ಇಲ್ಲ. "ನಂಗೆ ಹಸಿವಿಲ್ಲ" ಎಂಬ ಅವಳ ಮಾತನ್ನು ಗಂಡನೂ ನಂಬುತ್ತಾನೆ, ನಂಬಿದರೆ ಅವನಿಗೂ ಅನುಕೂಲ.

ಕಡಿತದ ಜೊತೆಗೆ ಒಂದು ಹೊಸ ಖರ್ಚು ತಲೆಗೆ ಬಿತ್ತು. ಶಾಲೆ ಮುಚ್ಚಿತು, ಪಾಠ ಮೊಬೈಲಿಗೆ ಬಂತು. ಮನೆಗೆ ಒಂದೇ ಫೋನು, ಓದುವವರು ಇಬ್ಬರು. ಸಂಬಳ ಇಲ್ಲದ ತಿಂಗಳಿನಲ್ಲೇ ಕಂತಿನ ಮೇಲೆ ಫೋನು ಕೊಳ್ಳಬೇಕಾಯಿತು. ಖಾಸಗಿ ಶಾಲೆಗಳು ಬೋಧನಾ ಶುಲ್ಕದಲ್ಲಿ ಶೇಕಡಾ 70 ಮಾತ್ರ ತೆಗೆದುಕೊಳ್ಳಬೇಕೆಂದು ಸರ್ಕಾರ 2021ರ ಜನವರಿಯಲ್ಲಿ ಆದೇಶ ಮಾಡಿತು. ಅದನ್ನೂ ಕಟ್ಟಲಾರದವರು ಮಕ್ಕಳನ್ನು ಸರ್ಕಾರಿ ಶಾಲೆಗೆ ಕರೆತಂದರು.

ಮನೆಯ ಪಕ್ಕದ ಕಿರಾಣಿ ಅಂಗಡಿಯವನ ಹೆಸರು ಯಾವ ಪ್ಯಾಕೇಜಿನಲ್ಲೂ ಬರಲಿಲ್ಲ. ಆದರೆ ಬೀದಿಯ ಅರ್ಧ ಜನರನ್ನು ಅವನ ಉದ್ರಿ ಪುಸ್ತಕ ಸಾಕಿತು. "ಶೆಟ್ರೇ, ಈ ತಿಂಗಳು ಬರ್ಕೊಳ್ರಿ, ಮುಂದಿನ ತಿಂಗಳು ಕೊಡ್ತೀವಿ." "ಬರ್ಕೋತೀನಮ್ಮಾ, ಮುಂಚಿಂದೇ ಮೂರು ಸಾವಿರ ಐತಲ್ಲ." ಹೀಗೆನ್ನುತ್ತಲೇ ಅವನು ಎಣ್ಣೆ ಪಾಕೀಟು ಮುಂದಿಡುತ್ತಾನೆ. ಅವನೇನು ಧರ್ಮಛತ್ರ ನಡೆಸುತ್ತಿರಲಿಲ್ಲ, ಗಿರಾಕಿ ತಪ್ಪಿಹೋದರೆ ಹಳೇ ಬಾಕಿಯೂ ಹೋಗುತ್ತದೆಂಬ ಭಯ ಅವನಿಗೂ ಇತ್ತು. ಅತ್ತ ಹೋಲ್‌ಸೇಲ್ ವ್ಯಾಪಾರಿ ನಗದು ಕೇಳುತ್ತಿದ್ದ. ಇತ್ತ ಅವನ ಹೆಂಡತಿಯ ಬಳೆಯೂ ಗಿರವಿ ಅಂಗಡಿಯ ದಾರಿ ಹಿಡಿಯಿತು.

ಸರ್ಕಾರ ಏನೂ ಮಾಡಲಿಲ್ಲವೆಂದರೆ ಅನ್ಯಾಯವಾಗುತ್ತದೆ. 2020ರ ಏಪ್ರಿಲ್‌ನಿಂದ ರೇಷನ್ ಕಾರ್ಡಿನ ತಲೆಗೆ 5 ಕಿಲೋ ಧಾನ್ಯ ಹೆಚ್ಚುವರಿಯಾಗಿ ಪುಕ್ಕಟೆ ಬಂತು. ಹೊಟ್ಟೆ ಉಳಿಸಿದ್ದು ಅದೇ. ಜನಧನ ಖಾತೆಯಿದ್ದ ಹೆಂಗಸರಿಗೆ ಮೂರು ತಿಂಗಳು ತಲಾ 500 ರೂಪಾಯಿ. ರಾಜ್ಯ ಸರ್ಕಾರ ಆ ಮೇ ತಿಂಗಳಲ್ಲಿ ಕ್ಷೌರಿಕರಿಗೆ, ಅಗಸರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ 5,000 ರೂಪಾಯಿ ಘೋಷಿಸಿತು. ಮೆಕ್ಕೆಜೋಳದ ರೈತರಿಗೂ 5,000. ಒಳ್ಳೆಯದೇ. ಆದರೆ ಹೋಟೆಲಿನ ಸಪ್ಲೈಯರ್ ಆ ಪಟ್ಟಿಯಲ್ಲಿದ್ದನೇ? ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಹುಡುಗಿ? ಭಟ್ಟಿಯಲ್ಲಿ ಬೆಂಕಿಯ ಮುಂದೆ ಮಂಡಕ್ಕಿ ಹುರಿಯುವವನು? ಮನೆ ಮನೆಗೆ ಹೋಗಿ ಮುಸುರೆ ತಿಕ್ಕುವವಳು? ಇವರಿಗೆ ಲೈಸೆನ್ಸಿಲ್ಲ, ಬ್ಯಾಡ್ಜಿಲ್ಲ, ನೋಂದಣಿ ಇಲ್ಲ. ಪಟ್ಟಿ ಮಾಡುವವರ ಕಣ್ಣಿಗೆ ಇವರು ಬೀಳಬೇಕಾದರೆ ಒಂದು ಕಾಗದ ಬೇಕು. ಆ ಕಾಗದ ಹುಟ್ಟಿಸುವುದಕ್ಕೆ ಕಚೇರಿ ತೆರೆದಿರಬೇಕು!

ಬ್ಯಾಂಕಿನ ಕಂತಿಗೆ ರಿಸರ್ವ್ ಬ್ಯಾಂಕು ಆ ವರ್ಷದ ಆಗಸ್ಟ್ 31ರವರೆಗೆ ವಿನಾಯಿತಿ ಕೊಡಿಸಿತು. ಬಹಳ ಜನ ಅದನ್ನು ಮನ್ನಾ ಎಂದುಕೊಂಡರು. ಕಂತು ನಿಂತಿತ್ತು, ಬಡ್ಡಿ ನಿಂತಿರಲಿಲ್ಲ. ಇದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಶಾಖೆಯ ಬಾಗಿಲಿಗೆ ಅಂಟಿಸುವುದು ಎಷ್ಟು ಮಂದಿಗೆ ಹೊಳೆಯಿತು?

ಉದ್ರಿ ಮುಗಿಯಿತು, ಚೀಟಿ ಎತ್ತಿದ್ದಾಯಿತು. ಉಳಿದದ್ದು ಒಡವೆ.

ಈ ವ್ಯವಹಾರ ಹೇಗೆ ಕತ್ತು ಹಿಡಿಯುತ್ತದೆಂದು ಲೆಕ್ಕ ಹಾಕಿ ನೋಡಬೇಕು. 2020ರ ಆಗಸ್ಟ್‌ನಲ್ಲಿ 10 ಗ್ರಾಂ ಅಪರಂಜಿಯ ಬೆಲೆ 55 ಸಾವಿರ ದಾಟಿತ್ತು. ಉದಾಹರಣೆಗೆ, ಆಗ ಒಂದು ಲಕ್ಷ ಬಾಳುವ ಸರ ಎಂದುಕೊಳ್ಳಿ. ಚಿನ್ನದ ಸಾಲದ ಕಂಪನಿಯಲ್ಲಿ ಅದರ ಮೇಲೆ 75 ಸಾವಿರ ಸಿಕ್ಕಿತು. ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿಯಾದರೆ ತಿಂಗಳಿಗೆ 1,125. ಮನೆಯವನಿಗೆ ಇನ್ನೂ ಪೂರ್ತಿ ಕೆಲಸವಿಲ್ಲ, ಬಡ್ಡಿ ಕಟ್ಟಲಾಗಲಿಲ್ಲ. ಏಳು ತಿಂಗಳಿಗೆ ಸಾಲ 82,875 ಆಯಿತು. 2021ರ ಮಾರ್ಚ್ ಹೊತ್ತಿಗೆ ಚಿನ್ನದ ಬೆಲೆ 45 ಸಾವಿರದ ಆಸುಪಾಸಿಗೆ ಇಳಿಯಿತು, ಅಂದರೆ ನೂರಕ್ಕೆ ಹದಿನೆಂಟರಷ್ಟು. ಸರದ ಬೆಲೆ ಈಗ 82 ಸಾವಿರ. ಸಾಲ ಸರಕ್ಕಿಂತ ಎತ್ತರ ಬೆಳೆದು ನಿಂತಿತು. ನೋಟೀಸು ಬಂತು. "ವ್ಯತ್ಯಾಸ ತುಂಬಿರಿ, ಇಲ್ಲವೇ ಹರಾಜು." ಅಷ್ಟರಲ್ಲಿ ಎರಡನೇ ಅಲೆ ಬಂತು, ಮತ್ತೆ ಊರು ಮುಚ್ಚಿತು. ಬಡ್ಡಿ ಕಟ್ಟುವುದಿರಲಿ, ಆಕ್ಸಿಜನ್ ಹುಡುಕುವ ದಿನಗಳು ಅವು.

ಹರಾಜಿನ ಜಾಹೀರಾತು ಪತ್ರಿಕೆಗಳಲ್ಲಿ ಬರುತ್ತದೆ. ಭೂತಗನ್ನಡಿ ಇಟ್ಟು ನೋಡಬೇಕಾದ ಅಕ್ಷರ. ಹೆಸರಿಲ್ಲ, ಸಾಲದ ನಂಬರು ಮಾತ್ರ, ಸಾಲುಸಾಲಾಗಿ. ಪತ್ರಿಕೆಗಳಿಗೂ ಅದರಿಂದ ನಾಲ್ಕು ಕಾಸು ಸಿಗುತ್ತದೆ, ಸುಳ್ಳೇಕೆ? ಆದರೆ ಆ ನಂಬರಿನ ಹಿಂದೆ ತವರಿನವರು ಹಾಕಿದ ಸರವಿದೆಯೆಂದು ಓದುವವರಿಗೆ ತಿಳಿಯುವುದಿಲ್ಲ. ಯಾರ ಸರವೋ ಅವಳು ಪತ್ರಿಕೆ ಕೊಳ್ಳುವುದನ್ನು ಮೊದಲೇ ಬಿಟ್ಟಿದ್ದಾಳೆ.

ಹಟ ಹಿಡಿದು ಬಡ್ಡಿ ಕಟ್ಟಿಕೊಂಡು ಬಂದವರ ಕಥೆ ಬೇರೆ. 2025ರ ಏಪ್ರಿಲ್‌ನಲ್ಲಿ ಚಿನ್ನ 10 ಗ್ರಾಂಗೆ ಲಕ್ಷ ಮುಟ್ಟಿತು, ಅದೇ ವರ್ಷ ಅದನ್ನೂ ದಾಟಿತು. ಅಡವಿಟ್ಟವರಿಗೆ ಲಾಭವಾಯಿತೆಂದು ಯಾರಾದರೂ ಹೇಳಬಹುದು. ನಡೆಯುವುದೇ ಬೇರೆ. ವರ್ಷ ತುಂಬಿದಾಗ ಕೌಂಟರಿನಲ್ಲಿ, "ಅಮ್ಮಾ, ರೇಟು ಏರೈತೆ, ಇದೇ ಸರದ ಮೇಲೆ ಇನ್ನೂ ಮೂವತ್ತು ಸಾವಿರ ಬರ್ತೈತೆ" ಎಂಬ ಮಾತು ಕೇಳಿಬರುತ್ತದೆ. ಮಗಳ ಕಾಲೇಜು ಫೀಸು ಎದುರಿಗಿದೆ. ಸಹಿ ಬೀಳುತ್ತದೆ. ಹಳೇ ಸಾಲ ತೀರಿ ಹೊಸ ಸಾಲ ಹುಟ್ಟುತ್ತದೆ, ಸರ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರುವುದೇ ಇಲ್ಲ. ಹರಾಜಿನಲ್ಲಿ ಕಳೆದುಕೊಂಡವರಿಗಂತೂ ಅದೇ ತೂಕದ ಸರ ಮತ್ತೆ ಮಾಡಿಸಬೇಕಾದರೆ ಆಗಿನದಕ್ಕಿಂತ ಎಷ್ಟೋ ಹೆಚ್ಚು ದುಡ್ಡು ಬೇಕು. ಬಜಾರಿನಲ್ಲಿ ಒಂದು ಗ್ರಾಂ ಗೋಲ್ಡಿನ ಅಂಗಡಿಗಳಿಗೆ ವ್ಯಾಪಾರ ಕುದುರಿದ್ದರಲ್ಲಿ ಆಶ್ಚರ್ಯವೇನು?

ಒಡವೆಯೂ ಇಲ್ಲದವರು ಸಂಘಕ್ಕೆ ಹೋದರು. ವಾರದ ಕಂತು. ಒಂದು ಸಂಘದ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ. ವಸೂಲಿಗೆ ಬಂದವರು ಬಾಗಿಲ ಮುಂದೆ ಕುಳಿತು ಬಾಯಿಗೆ ಬಂದಂತೆ ಮಾತಾಡಿದ ಮೇಲೆ, ಊರು ಬಿಟ್ಟವರು, ಜೀವ ಬಿಟ್ಟವರು ಸುದ್ದಿಯಾದ ಮೇಲೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಕಾನೂನು ಬಂದದ್ದು ಸಂತೋಷ, ಬರಲು ಇಷ್ಟು ಹೆಣ ಬೀಳಬೇಕಿರಲಿಲ್ಲ.

2023ರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಶುರುವಾಯಿತು. ಬಿಟ್ಟಿ ಭಾಗ್ಯವೆಂದು ಹೀಯಾಳಿಸುವವರು ಬೇಕಾದಷ್ಟು ಮಂದಿ. ಅಂಥವರು ಒಮ್ಮೆ ಗಿರವಿ ಅಂಗಡಿಯ ಕೌಂಟರಿನ ಪಕ್ಕ ನಿಲ್ಲಬೇಕು. ಆ ಹಣ ಸೀರೆಯಾಗುವುದಕ್ಕಿಂತ ಮೊದಲು ಹಳೇ ಬಡ್ಡಿಯಾಗುವ ಮನೆಗಳಿವೆ. ಅದು ಮನೆಯೊಡತಿಯ ಕೈಗೆ ಬಂದು ಹೋಗುವುದು ಒಂದೇ ಮಧ್ಯಾಹ್ನದಲ್ಲಿ.

ಇನ್ನು ಆಗಬೇಕಾದ್ದು. ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಚಿನ್ನದ ಸಾಲಕ್ಕೆ ಹೊಸ ನಿಯಮ ಮಾಡಿದೆ. 2026ರ ಏಪ್ರಿಲ್ 1ರೊಳಗೆ ಎಲ್ಲರೂ ಜಾರಿಗೆ ತರಬೇಕೆಂದು ಹೇಳಿದೆ. ಸಾಲದ ಷರತ್ತನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಸಾಲ ತೀರಿದ ಮೇಲೆ ಏಳು ಕೆಲಸದ ದಿನಗಳೊಳಗೆ ಒಡವೆ ವಾಪಸ್ಸು ಕೊಡಬೇಕು, ತನ್ನ ತಪ್ಪಿನಿಂದ ತಡವಾದರೆ ಸಾಲ ಕೊಟ್ಟ ಸಂಸ್ಥೆ ದಿನಕ್ಕೆ 5,000 ರೂಪಾಯಿ ತೆರಬೇಕು. ಹರಾಜಿನಲ್ಲಿ ಸಾಲಕ್ಕಿಂತ ಹೆಚ್ಚು ಬಂದರೆ ಮಿಕ್ಕ ಹಣ ಸಾಲಗಾರನದು. ಚೆಂದದ ನಿಯಮ. ಇದು ಬ್ಯಾಂಕಿಗೆ, ಕಂಪನಿಗೆ ಅನ್ವಯ. ಗಲ್ಲಿಯೊಳಗಿನ ಗಿರವಿ ಅಂಗಡಿ ಬರುವುದು ರಾಜ್ಯದ 1961ರ ಕಾಯಿದೆಗಳ ಕೆಳಗೆ. ಅಲ್ಲಿ ರಸೀತಿಯೆಂದರೆ ಎಷ್ಟೋ ಸಲ ಒಂದು ತುಂಡು ಚೀಟಿ, ಅದರ ಮೇಲೆ ಬಡ್ಡಿಯ ದರವನ್ನೇ ಬರೆದಿರುವುದಿಲ್ಲ.

ದಾವಣಗೆರೆ, ಹರಿಹರ, ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ: ಜಿಲ್ಲೆಯ ಆರು ತಾಲ್ಲೂಕು ಕೇಂದ್ರಗಳಲ್ಲೂ ಒಂದೊಂದು ದಿನ ಒಡವೆ ಅದಾಲತ್ ನಡೆಯಲಿ. ಪಿಂಚಣಿಗೆ ಅದಾಲತ್ ಉಂಟು, ಇದಕ್ಕೇಕೆ ಬೇಡ? ಜಿಲ್ಲಾಧಿಕಾರಿಗಳು ಕರೆಯಲಿ, ಲೀಡ್ ಬ್ಯಾಂಕಿನವರೂ ಸಹಕಾರ ಇಲಾಖೆಯವರೂ ಮೇಜಿನ ಒಂದೇ ಪಕ್ಕದಲ್ಲಿ ಕೂರಲಿ. ಬಡ್ಡಿ ಎಷ್ಟಾಯಿತು, ಹರಾಜಾದದ್ದು ಯಾವ ಬೆಲೆಗೆ, ಮಿಕ್ಕದ್ದು ಎಲ್ಲಿ ಹೋಯಿತು ಎಂದು ಬಾಯಿಬಿಟ್ಟು ಕೇಳುವ ಜಾಗ ಜನಕ್ಕೆ ಸಿಗಲಿ. ಹಳೇ ಹರಾಜಿನ ಮಿಕ್ಕ ಹಣ ಯಾರಿಗಾದರೂ ಬರುವುದಿದ್ದರೆ ಅಲ್ಲಿಯೇ ಕೊಡಿಸಲಿ. ಖರ್ಚೇನೂ ದೊಡ್ಡದಲ್ಲ, ಒಂದು ಶಾಮಿಯಾನ, ನಾಲ್ಕು ಮೇಜು.

ರಸೀತಿಗಳು ಅಕ್ಕಿ ಡಬ್ಬಿಯಲ್ಲಿ ಜೋಪಾನವಾಗಿವೆ. ಹಿಡಿದುಕೊಂಡು ಬರುವುದಕ್ಕೆ ಹೆಂಗಸರು ತಯಾರಿದ್ದಾರೆ. ಯಾವ ವಾರ ಇಟ್ಟರೂ ನಡೆಯುತ್ತದೆ, ಸಂಘದ ಕಂತಿನ ದಿನವೊಂದು ಬಿಟ್ಟು.