ಗೃಹಸ್ಥರ ವಿಚಾರ: ಜೋಡುನಳಿಗೆ ಕೋವಿಯ ಪರೀಕ್ಷೆ

ಅಮೆರಿಕಾದ ಟೆಕ್ಸಾಸ್ ಸಂಸ್ಥಾನದಲ್ಲಿ ನೆಲಸಿರುವ ನಮ್ಮ ವಾಚಕರೊಬ್ಬರು ಒಂದು ಅಪರೂಪದ ಪ್ರಶ್ನೆಯನ್ನು ಕಳುಹಿಸಿರುವರು. ಅಲ್ಲಿಯ ‘ಕೌಬಾಯ್ ಆಕ್ಷನ್ ಶೂಟಿಂಗ್’ ಎಂಬ ಪಂದ್ಯದ ಸಂಘವೊಂದಕ್ಕೆ ಅವರು ಸೇರಿರುವರಂತೆ. ಅದಕ್ಕೊಂದು ಜೋಡುನಳಿಗೆಯ ಕೋವಿ ಬೇಕು. ನೆರೆಮನೆಯ ವೃದ್ಧರು ತಮ್ಮ ಅಜ್ಜನ ಕಾಲದ ಕೋವಿಯನ್ನು ಅಲ್ಪ ಬೆಲೆಗೆ ಕೊಡಲು ಸಿದ್ಧರಿದ್ದಾರೆ; ಅದರ ನಳಿಗೆಗಳ ಮೇಲೆ ನೀರಿನ ಅಲೆಯಂತಹ ಚಿತ್ತಾರವುಂಟು. ಅಂಗಡಿಯಲ್ಲಿರುವ ಹೊಸ ಕೋವಿಯಲ್ಲಿ ಅಂತಹ ಸೊಗಸೇನೂ ಇಲ್ಲ. ಎರಡರಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳಿ, “ಮನೆಯಾಕೆ ಮಾತ್ರ ಹಳೆಯದು ಬೇಡವೇ ಬೇಡವೆನ್ನುತ್ತಾಳೆ” ಎಂದು ಸೇರಿಸಿದ್ದಾರೆ. ಆಕೆಯ ಮಾತಿಗೆ ಆಧಾರವುಂಟೇ ಎಂಬುದನ್ನು ವಿಚಾರಿಸೋಣ.

ಮೊದಲು ಪಂದ್ಯದ ಸ್ವರೂಪವನ್ನು ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕಾದ ಪಶ್ಚಿಮ ಪ್ರಾಂತಗಳ ದನಗಾಹಿಗಳು ಹಿಡಿಯುತ್ತಿದ್ದಂತಹ ಆಯುಧಗಳನ್ನು ಹಿಡಿದು, ಆ ಕಾಲದ ಉಡುಪನ್ನೇ ಧರಿಸಿ, ಉಕ್ಕಿನ ಗುರಿಗಳಿಗೆ ಹೊಡೆಯುವ ವಿನೋದವಿದು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ಎಂಡ್ ಆಫ್ ಟ್ರೇಲ್’ ಎಂಬ ಪಂದ್ಯವು ಆರಂಭವಾಯಿತು. 1987ರಲ್ಲಿ ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿ ಸ್ಥಾಪಿತವಾಯಿತು. ಅದರ ಸದಸ್ಯರು ತಮಗೊಂದು ಕಲ್ಪಿತನಾಮವನ್ನು ಇಟ್ಟುಕೊಂಡು ನೋಂದಾಯಿಸಬೇಕು. ಒಬ್ಬರ ನಾಮವು ಇನ್ನೊಬ್ಬರಿಗೆ ಸಲ್ಲದು. ಇಳಿವಯಸ್ಸಿನ ಗೃಹಸ್ಥರು ಟೋಪಿ, ಪಟ್ಟಿ, ಬೂಟುಗಳನ್ನು ಧರಿಸಿ ಬೇರೊಬ್ಬರಾಗಿ ನಿಲ್ಲುವುದನ್ನು ಕಂಡರೆ ನಮ್ಮ ಯಕ್ಷಗಾನದವರಿಗೆ ಸಂತೋಷವೇ ಆದೀತು. ಒಬ್ಬೊಬ್ಬರಿಗೂ ಎರಡು ರಿವಾಲ್ವರು, ಒಂದು ರೈಫಲು, ಒಂದು ಚರೆಕೋವಿ. ಹಿಡಿದ ಕಾಲವೇ ಅಂಕ. ತಪ್ಪಿದ ಗುರಿಯೊಂದಕ್ಕೆ 5 ಸೆಕೆಂಡುಗಳನ್ನು ಕೂಡಿಸುವರು.

ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ನೋಡಿದವರಿಗೆ ಗುರಿಗಾರಿಕೆಯೇ ಸರ್ವಸ್ವವೆಂದು ತೋರುವುದು. ಇಲ್ಲಿ ಹಾಗಲ್ಲ. ಚರೆಕೋವಿಯ ಗುರಿಗಳು ಸಾಮಾನ್ಯವಾಗಿ 8ರಿಂದ 16 ಗಜ ದೂರದಲ್ಲಿರುವ ಉಕ್ಕಿನ ತಟ್ಟೆಗಳು. ಚರೆ ಬಡಿದು ಅವು ಉರುಳಿದರಾಯಿತು. ಕಾಲವೆಲ್ಲ ವ್ಯಯವಾಗುವುದು ಕೋವಿಯನ್ನು ತುಂಬುವುದರಲ್ಲಿ. ನಿಯಮದಂತೆ ಕೋವಿಯು ಬಾಯ್ತೆರೆದು ಬರಿದಾಗಿಯೇ ಮೇಜಿನ ಮೇಲಿರಬೇಕು. ಗಡಿಯಾರ ಆರಂಭವಾದ ಮೇಲೆ ಸೊಂಟದ ಪಟ್ಟಿಯಿಂದ ತೋಟಾಗಳನ್ನು ಕಿತ್ತು ತುಂಬಿ, ಎರಡು ಹೊಡೆದು, ಕೋವಿಯನ್ನು ಮುರಿದು ಬರಿಯ ತೋಟಾಗಳನ್ನು ಕೆಡವಿ, ಮತ್ತೆ ಎರಡನ್ನು ತುಂಬಬೇಕು. ಆದುದರಿಂದ ಕೊಳ್ಳುವವನು ಮೊದಲು ನೋಡಬೇಕಾದುದು ಕೀಲನ್ನು.

ಅಂಗಡಿಗೆ ಹೋಗುವಾಗ ಹೊಡೆದು ಬರಿದಾದ ಎರಡು ತೋಟಾಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿರಿ. ಅವನ್ನು ಕೋವಿಗೆ ಹಾಕಿ, ಮೇಲಿನ ಸನ್ನೆಯನ್ನು ಹೆಬ್ಬೆರಳಿನಿಂದ ಒತ್ತಿರಿ. ನಳಿಗೆಗಳು ತಮ್ಮ ಭಾರದಿಂದಲೇ ಕೆಳಗೆ ಬಾಗುತ್ತವೆಯೋ, ಮೊಣಕಾಲಿಗೆ ಆನಿಸಿ ಮುರಿಯಬೇಕೋ ನೋಡಿರಿ. ಹೊಸ ಕೋವಿಗಳು ಮೊದಲಿಗೆ ಬಿಗಿಯಾಗಿರುವುದು ಸಹಜ. ಬಳಕೆಯಿಂದಲೂ ಕಸಬುದಾರನ ಕೈಯಿಂದಲೂ ಸಡಿಲುವುದು. ಬಾಗಿದ ಕೂಡಲೇ ಕೋವಿಯನ್ನು ಹಿಂದಕ್ಕೆ ಝಾಡಿಸಿದರೆ ಎರಡು ತೋಟಾಗಳೂ ಹಾರಿ ಬೀಳಬೇಕು. ತೋಟಾವನ್ನು ತಾನಾಗಿ ಚಿಮ್ಮಿಸುವ ಯಂತ್ರವು ಈ ಪಂದ್ಯದಲ್ಲಿ ನಿಷಿದ್ಧ. ಕೋವಿಯು ಅದನ್ನು ಸ್ವಲ್ಪ ಮೇಲೆತ್ತಿ ಕೊಡುವುದಷ್ಟೆ. ಒಂದು ಹಾರಿ ಇನ್ನೊಂದು ಸಿಕ್ಕಿಕೊಂಡರೆ ಅದನ್ನು ಉಗುರಿನಿಂದ ಕೀಳುವಷ್ಟರಲ್ಲಿ ಪಂದ್ಯವೇ ಮುಗಿಯುವುದು. ಹಾಗೆ ಸಿಕ್ಕಿದ ಮಾತ್ರಕ್ಕೆ ಕೋವಿಯನ್ನು ತಿರಸ್ಕರಿಸಬೇಕಾಗಿಲ್ಲ. ತೋಟಾ ಕೂರುವ ಗೂಡುಗಳನ್ನು ಕನ್ನಡಿಯಂತೆ ಉಜ್ಜಿಸಿ, ಅವುಗಳ ಅಂಚನ್ನು ಸ್ವಲ್ಪ ಸವರಿಸಿದರೆ ತೋಟಾಗಳು ಸುಲಭವಾಗಿ ಇಳಿಯುತ್ತವೆ, ಸುಲಭವಾಗಿ ಬೀಳುತ್ತವೆ. ಗೀರುಗೀರಾದ ಪ್ಲಾಸ್ಟಿಕ್ ಮೈಯ ತೋಟಾಗಳಿಗಿಂತ ನುಣುಪಾದವು ಮೇಲು.

ನಳಿಗೆಯ ಉದ್ದದ ಬಗ್ಗೆ ಹೆಚ್ಚು ಚರ್ಚೆ ಬೇಡ. ಹಿಂದೆ ವೆಲ್ಸ್ ಫಾರ್ಗೋ ಕಂಪೆನಿಯ ಹಣದ ಪೆಟ್ಟಿಗೆಗಳನ್ನು ಕಾಯುತ್ತ ಸಾರೋಟಿನ ಮುಂದೆ ಕುಳಿತವರು ಮೋಟು ನಳಿಗೆಯ ಕೋವಿಯನ್ನೇ ಹಿಡಿದಿದ್ದರು. ಇಂದಿನ 20 ಅಂಗುಲದವು ಅದರ ಅನುಕರಣ. ಅವು ಚುರುಕಾಗಿ ತಿರುಗುತ್ತವೆ, ಹಗುರವಾಗಿದ್ದರೆ ಹೆಗಲಿಗೆ ಬಲವಾಗಿ ಒದೆಯುತ್ತವೆ. 12 ಬೋರಿನಲ್ಲಿ ಸೌಮ್ಯವಾದ ಮದ್ದಿನ ತೋಟಾ ಹಾಕಿದರೆ ಆ ತೊಂದರೆ ತಗ್ಗುವುದು. ಎರಡು ಟ್ರಿಗರ್ ಇರುವುದು ನಮ್ಮ ಅಭಿಪ್ರಾಯದಲ್ಲಿ ಲೇಸು. ಒಂದು ತೋಟಾ ಹುಸಿಯಾದರೂ ಇನ್ನೊಂದು ಕೈಯಲ್ಲಿರುವುದು. ಕೋವಿಯನ್ನು ತೆರೆದಾಗಲೆಲ್ಲ ತಾನಾಗಿ ಬೀಳುವ ತಡೆಯೊಂದು ಅನೇಕ ಹೊಸ ಕೋವಿಗಳಲ್ಲಿದೆ. ಪಂದ್ಯದವರು ಅದನ್ನು ಬಿಡಿಸಿಹಾಕಿಸುವರು. ಮನೆಯಲ್ಲಿ ಬೇರೆಯವರೂ ಬೇಟೆಗೆ ಒಯ್ಯುವ ಕೋವಿಯಾದರೆ ಆ ಕೆಲಸಕ್ಕೆ ಕೈ ಹಾಕಬಾರದು. ಹೊರಗೆ ಕಾಣುವ ಕುದುರೆಗಳು, ಎಂದರೆ ಹೆಬ್ಬೆರಳಿನಿಂದ ಎಳೆದು ನಿಲ್ಲಿಸುವ ಬಡಿಗೆಗಳು, ನೋಟಕ್ಕೆ ಭವ್ಯ, ಕಾಲಕ್ಕೆ ನಷ್ಟ. ‘ಕ್ಲಾಸಿಕ್ ಕೌಬಾಯ್’ ಎಂಬ ವರ್ಗದಲ್ಲಿ ಸ್ಪರ್ಧಿಸುವವರಿಗೆ ಮಾತ್ರ ಜೋಡುನಳಿಗೆಯಲ್ಲಿ ಅವು ಬೇಕೇ ಬೇಕು.

ಇನ್ನು ಅಜ್ಜನ ಕೋವಿ. ಆ ಅಲೆಚಿತ್ತಾರಕ್ಕೆ ಡಮಾಸ್ಕಸ್ ಎಂದು ಹೆಸರು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸಲಾಕೆಯ ಸುತ್ತ ಸುತ್ತಿ, ಕಾಯಿಸಿ ಬಡಿದು ಬೆಸೆದು ಮಾಡಿದ ನಳಿಗೆಯದು. ಚಿತ್ತಾರವಿದ್ದ ಮಾತ್ರಕ್ಕೆ ಉತ್ತಮವೆನ್ನುವಂತಿಲ್ಲ. ಬೆಲ್ಜಿಯಮಿನಿಂದ ಅಂತಹ ಅಗ್ಗದ ಕೋವಿಗಳು ಅಮೆರಿಕಾಕ್ಕೆ ಅಪಾರವಾಗಿ ಬಂದಿದ್ದವು. ಬೆಸುಗೆಯ ಸಂದುಗಳಲ್ಲಿ ಕರಿಮದ್ದಿನ ಮಸಿ ಕುಳಿತು ಒಳಗೊಳಗೇ ತುಕ್ಕು ತಿಂದಿದ್ದರೆ ಹೊರಗಿನ ಕಣ್ಣಿಗೆ ಕಾಣದು. ಮಡಕೆಯನ್ನು ಬೆರಳಿನಿಂದ ಬಡಿದು ನೋಡುವಂತೆ, ನಳಿಗೆಗಳನ್ನು ಕಳಚಿ ತೂಗಹಾಕಿ ತಟ್ಟುವ ಪದ್ಧತಿಯುಂಟು. ಗಂಟೆಯಂತೆ ನುಡಿದರೆ ಎರಡು ನಳಿಗೆಗಳ ನಡುವಣ ಬೆಸುಗೆ ಗಟ್ಟಿಯಾಗಿದೆಯೆಂದು ತಿಳಿಯಬಹುದು. ಲೋಹದ ಬಲವನ್ನು ಆ ನಾದವು ಹೇಳಲಾರದು. ಮೇಲಾಗಿ, ಆ ಕಾಲದ ಅನೇಕ ಕೋವಿಗಳಲ್ಲಿ ತೋಟಾದ ಗೂಡು 2½ ಅಂಗುಲ ಮಾತ್ರ. ಇಂದಿನ ಸಾಮಾನ್ಯ ತೋಟಾದ ಅಳತೆ 2¾ ಅಂಗುಲ. ಇದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದ. ಹೊಡೆಯುವ ಮುನ್ನ ಮಡಿಚಿಕೊಂಡಿರುವುದರಿಂದ ಅದು ಗಿಡ್ಡ ಗೂಡಿಗೂ ಸಲೀಸಾಗಿ ಇಳಿದು ಕೊಳ್ಳುವವನನ್ನು ವಂಚಿಸುವುದು. ಹೊಡೆದಾಗ ಬಾಯಿ ಬಿಚ್ಚಲು ಎಡೆಯಿಲ್ಲದೆ ಒತ್ತಡವು ಏರುವುದು. ಅಂತಹ ನಳಿಗೆ ಸಿಡಿದರೆ ಸಿಡಿಯುವುದು ಬಹುಮಟ್ಟಿಗೆ ಎಡಗೈ ಹಿಡಿದಿರುವೆಡೆಯಲ್ಲಿಯೇ.

ಆದುದರಿಂದ ಮನೆಯಾಕೆಯ ಮಾತೇ ಸರಿ. ನುರಿತ ಕಸಬುದಾರನು ನಳಿಗೆಯ ದಪ್ಪವನ್ನೂ ಗೂಡಿನ ಉದ್ದವನ್ನೂ ಅಳೆದು ಒಪ್ಪುವವರೆಗೆ ಆ ಕೋವಿಯಲ್ಲಿ ಒಂದು ತೋಟಾವನ್ನೂ ಹೊಡೆಯಬಾರದು. ವೃದ್ಧರ ಮನಸ್ಸು ನೋಯದಂತೆ ಅದನ್ನು ಕೊಂಡು ಗೋಡೆಗೆ ತೂಗಹಾಕುವುದಾದರೆ ಆಕ್ಷೇಪವಿಲ್ಲ. ಪಂದ್ಯಕ್ಕೆ ಬ್ರೆಜಿಲಿನಲ್ಲಿ ತಯಾರಾಗುವ ಸ್ಟೋಗರ್ ಕೋಚ್ ಗನ್ನಿನಂತಹ ಸಾದಾ ಕೋವಿ ಸಾಕು. ಉಳಿದ ಹಣದಲ್ಲಿ ಗೂಡುಗಳನ್ನು ಉಜ್ಜಿಸಬಹುದು. ತೆರೆದು ಮುಚ್ಚುವ ಅಭ್ಯಾಸವನ್ನು ಮನೆಯಲ್ಲಿಯೇ ಮಾಡಬಹುದು, ಬರಿಯ ತೋಟಾಗಳಿಂದ. ತುಂಬಿದವನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿದ ಮೇಲೆ.