ಪದ ಇಲ್ಲವೆಂಬ ನೆಪ

‘ಎಡ ಮಿದುಳು ಬಲಗೈಯನ್ನು ಆಡಿಸುತ್ತೆ ಅಂತ ಪುಸ್ತಕದಲ್ಲಿದೆ. ಆ ನರ ಆಚೆ ಬದಿಗೆ ದಾಟಿದ್ದು ಹೇಗೆ ಸರ್?’ ಭದ್ರಾವತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು. ಪಕ್ಕದಲ್ಲಿದ್ದ ಹಿರಿಯರೇ ಉತ್ತರಿಸಿದರು: ‘ಅದನ್ನೆಲ್ಲ ಇಂಗ್ಲಿಷಲ್ಲೇ ಓದಬೇಕಮ್ಮ, ಕನ್ನಡದಲ್ಲಿ ಪದಗಳಿಲ್ಲ.’ ಸಂಶೋಧನೆ ಮಾಡುವ ನಾನು ಸುಮ್ಮನಿದ್ದೆ. ಶಿವಮೊಗ್ಗದ ಬಸ್ಸು ಹತ್ತಿದ ಮೇಲೆ ನಾಚಿಕೆಯಾಯಿತು.

ಪದಗಳಿಲ್ಲವೇ? ಒಂದು ಜೀನ್ ಕೆಟ್ಟ ಹಣ್ಣುನೊಣಗಳಲ್ಲಿ ನರತಂತುಗಳು ನಡುಗೆರೆಯನ್ನು ದಾಟಿ, ಮರಳಿ, ಮತ್ತೆ ದಾಟಿ ಸುತ್ತುವುದನ್ನು ಕಂಡ ವಿಜ್ಞಾನಿಗಳು 1993ರಲ್ಲಿ ಅದನ್ನು ‘ರೌಂಡ್‌ಅಬೌಟ್’ ಎಂದರು, ಚುಟುಕಾಗಿ ರೋಬೋ. ಗೋಪಿ ಸರ್ಕಲ್ ಸುತ್ತಿದವರಿಗೆ ಇದರ ಅರ್ಥ ಹೇಳಬೇಕೆ? ತಂತುವನ್ನು ನಡುಗೆರೆಯತ್ತ ಸೆಳೆಯುವ ಪ್ರೋಟೀನಿಗೆ 1994ರಲ್ಲಿ ‘ನೆಟ್ರಿನ್’ ಎಂದು ಹೆಸರಿಟ್ಟದ್ದು ಸಂಸ್ಕೃತದ ‘ನೇತೃ’ವಿನಿಂದ. ನಮ್ಮ ಪತ್ರಿಕೆಗಳ ‘ನೇತೃತ್ವ’ದ ಮೂಲವೂ ಅದೇ.

ಅವಳಿಗೆ ಹೇಳಬೇಕಿದ್ದದ್ದು ಇಷ್ಟು: ನೆಟ್ರಿನ್ ಕರೆಯುತ್ತದೆ. ನಡುಗೆರೆಯಲ್ಲೇ ಇರುವ ‘ಸ್ಲಿಟ್’ ದೂರ ತಳ್ಳುತ್ತದೆ. ಸ್ಲಿಟ್ಟನ್ನು ಗುರುತಿಸುವ ರೋಬೋ, ದಾಟುವ ಮುನ್ನ ನೊಣದ ತಂತುವಿನ ಮೈಮೇಲೆ ತೀರಾ ಕಡಿಮೆ. ದಾಟಿದ ಮೇಲೆ ಹೆಚ್ಚುತ್ತದೆ. ಹಾಗಾಗಿ ತಂತು ಹಿಂದಿರುಗದು. ನಮ್ಮಲ್ಲಿ ಇದೇ ಮನೆತನದ ರೋಬೋ-3 ದಾಟಲು ನೆರವಾಗುತ್ತದೆ. ಅದು ಕೆಟ್ಟವರಲ್ಲಿ ಕೈಕಾಲು ಆಡಿಸುವ ನರಹಾದಿ ದಾಟುವುದೇ ಇಲ್ಲವೆಂದು 2004ರಲ್ಲಿ ತಿಳಿಯಿತು; ಅವರ ಬಲಗೈಗೆ ಬಲ ಮಿದುಳೇ ದಿಕ್ಕು.

ಇದರಲ್ಲಿ ಕನ್ನಡಕ್ಕೆ ಭಾರವಾದ ಸಾಲು ಯಾವುದು? ನಮ್ಮ ಅರೆತಿಳಿವಳಿಕೆಯನ್ನು ಮುಚ್ಚಿಕೊಳ್ಳಲು ಭಾಷೆಯನ್ನು ಬಡವಿ ಎನ್ನುತ್ತೇವೆ. ಅದನ್ನು ನಂಬುವ ಮಕ್ಕಳು ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ. ಮುಂದಿನ ವಾರ ಭದ್ರಾವತಿಗೆ ಹೋಗಿ ಇಷ್ಟನ್ನೂ ಅವಳಿಗೆ ಹೇಳುತ್ತೇನೆ.